ಕಾದಂಬರಿ ದಾಟಿಹೋದ ಎರಡು ವರ್ಷ

ನಮ್ಮ ಕಾದಂಬರಿಗಳಲ್ಲಿ ಓದಲೆಂದು ಊರು ಬಿಟ್ಟ ಹುಡುಗರು ಬೇಕಾದಷ್ಟು ಮಂದಿ ಇದ್ದಾರೆ. ಓದುತ್ತಿರುವ ಹುಡುಗರು ಮಾತ್ರ ಅಪರೂಪ. ಒಂದು ಅಧ್ಯಾಯದ ಕೊನೆಯಲ್ಲಿ ಹುಡುಗ ಟ್ರಂಕು ಎತ್ತಿಕೊಂಡು ಬಸ್ಸು ಹತ್ತುತ್ತಾನೆ, ತಾಯಿ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಾಳೆ. ಮುಂದಿನ ಅಧ್ಯಾಯಕ್ಕೆ ಬರುವಷ್ಟರಲ್ಲಿ ಅವನು ಪದವೀಧರ. ಕೈಗೆ ಸಿಗರೇಟು ಬಂದಿರುತ್ತದೆ, ಇಲ್ಲವೆ ಬಾಯಿಗೆ ಆದರ್ಶ ಬಂದಿರುತ್ತದೆ. ನಡುವೆ ಏನಾಯಿತೆಂದು ತಿಳಿಯಬಯಸುವ ವಾಚಕನಿಗೆ ದೊರೆಯುವುದು ವರ್ಷಗಳು ಉರುಳಿದುವೆಂದು ಹೇಳುವ ಒಂದು ಸಾಲು, ಅಷ್ಟೆ.

ಉರುಳಿಹೋದ ಆ ವರ್ಷಗಳನ್ನು ಕುರಿತೇ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅದರಲ್ಲಿಯೂ ಒಂದು ಘಳಿಗೆಯನ್ನು ಕುರಿತು: ಸಣ್ಣ ಊರಿನ ಕಾಲೇಜಿನಲ್ಲಿ ಎರಡು ವರ್ಷ ಓದಿ, ವರ್ಗಾವಣೆ ಪತ್ರವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ದೊಡ್ಡ ಊರಿನ ವಿಶ್ವವಿದ್ಯಾನಿಲಯದ ಬಾಗಿಲಲ್ಲಿ ಒಬ್ಬ ಹುಡುಗನೋ ಹುಡುಗಿಯೋ ನಿಲ್ಲುವ ಘಳಿಗೆ. ಕೊಡಗಿನ ಕಾಲೇಜೊಂದರಲ್ಲಿ ಹದಿನೆಂಟು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿರುವ ನನಗೆ ಇದು ವರ್ಷ ವರ್ಷವೂ ಕಣ್ಣಿಗೆ ಬೀಳುತ್ತದೆ. ಕನ್ನಡ ಕಾದಂಬರಿಯ ಕಣ್ಣಿಗೆ ಏಕೆ ಬೀಳಲಿಲ್ಲ?

ಸಂಗತಿ ಹೊಸದಾದ್ದರಿಂದ ಎಂದು ಹೇಳುವಂತಿಲ್ಲ. 1857ರಲ್ಲಿ ಹುಟ್ಟಿದ ಮದರಾಸು ವಿಶ್ವವಿದ್ಯಾನಿಲಯದ ಲೆಕ್ಕದಲ್ಲಿ ಕಾಲೇಜುಗಳು ಎರಡು ದರ್ಜೆ. ಎಫ್.ಎ. ಪರೀಕ್ಷೆಯವರೆಗೆ ಮಾತ್ರ ಕಲಿಸುವುದು ದ್ವಿತೀಯ ದರ್ಜೆಯದು (ಈ ಎಫ್.ಎ.ಗೆ ಆಮೇಲೆ ಇಂಟರ್‌ಮೀಡಿಯೆಟ್ ಎಂದು ಹೆಸರಾಯಿತು), ಬಿ.ಎ.ವರೆಗೆ ಕಲಿಸುವುದು ಪ್ರಥಮ ದರ್ಜೆಯದು. ಸಣ್ಣ ಪಟ್ಟಣಗಳ ಪಾಲಿಗೆ ಬರುತ್ತಿದ್ದುದು ಸಾಮಾನ್ಯವಾಗಿ ದ್ವಿತೀಯ ದರ್ಜೆ. ಎರಡು ವರ್ಷ ಮನೆಯ ಹತ್ತಿರ ಓದಿ, ಅಲ್ಲಿಂದ ಮುಂದೆ ಮದರಾಸಿಗೋ ಇನ್ನೆಲ್ಲಿಗೋ ಹೋಗಬೇಕು. ಹೋಗಲಾರದವನು ಅಲ್ಲಿಗೇ ಮುಗಿಸಿ ಗುಮಾಸ್ತನಾಗಬೇಕು. ಅಮೆರಿಕದಲ್ಲಿಯೂ 1901ರಲ್ಲಿ ಜೋಲಿಯೆಟ್ ಎಂಬ ಊರಿನಲ್ಲಿ ಇಂಥದೇ ಎರಡು ವರ್ಷದ ಕಾಲೇಜು ತೆರೆದರು. ಈಗ ಅಲ್ಲಿ ಅವಕ್ಕೆ ಸಮುದಾಯ ಕಾಲೇಜುಗಳೆಂದು ಹೆಸರು. ಎರಡು ವರ್ಷ ಅಲ್ಲಿ ಓದಿ, ಉಳಿದೆರಡು ವರ್ಷಕ್ಕೆ ವಿಶ್ವವಿದ್ಯಾನಿಲಯಕ್ಕೆ ವರ್ಗವಾಗುವುದು ಅಲ್ಲಿಯ ಸಾಧಾರಣ ಜನರ ದಾರಿ. ನಮ್ಮಲ್ಲಿ ಇಂಟರ್‌ಮೀಡಿಯೆಟ್ ಹೋಯಿತು, ಪಿ.ಯು.ಸಿ. ಬಂತು. ದ್ವಿತೀಯ ದರ್ಜೆಯ ಹೆಸರೂ ಅಳಿಸಿತು. ಆದರೂ ನಮ್ಮ ಸರ್ಕಾರಿ ಕಾಲೇಜುಗಳ ಫಲಕದ ಮೇಲೆ ಇಂದಿಗೂ ‘ಪ್ರಥಮ ದರ್ಜೆ ಕಾಲೇಜು’ ಎಂದೇ ಬರೆದಿರುತ್ತಾರೆ. ಎರಡನೆಯ ದರ್ಜೆ ಎಲ್ಲಿದೆ ಸರ್ ಎಂದು ಹುಡುಗರು ತಮಾಷೆಗೆ ಕೇಳುವುದುಂಟು. ಪ್ರಶ್ನೆ ತಮಾಷೆಯದಲ್ಲ.

ಕೊಡಗಿನ ಮಾತೇ ಬೇರೆ. 1949ರಲ್ಲಿ ಮಡಿಕೇರಿಯಲ್ಲಿ ಸರ್ಕಾರಿ ಕಾಲೇಜು ಆಗುವ ತನಕ ಇಲ್ಲಿಯವರಿಗೆ ಹೈಸ್ಕೂಲಿನ ಮುಂದೆ ಇದ್ದುದು ಘಟ್ಟ. ಕಾರ್ಯಪ್ಪನವರು ಮಡಿಕೇರಿಯಲ್ಲಿ ಓದು ಮುಗಿಸಿ 1917ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು. ಇಂದು ಮಡಿಕೇರಿಯ ಆ ಕಾಲೇಜಿಗೆ ಅವರದೇ ಹೆಸರು. ಕಾಲೇಜು ಬಂದಮೇಲೂ ವಿಶ್ವವಿದ್ಯಾನಿಲಯ ದೂರದಲ್ಲಿಯೇ ಉಳಿಯಿತು. ಮೊದಲು ಮದರಾಸು, 1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿದಮೇಲೆ ಮೈಸೂರು, 1980ರಿಂದ ಮಂಗಳೂರು, 2023ರಲ್ಲಿ ಚಿಕ್ಕ ಅಳುವಾರದಲ್ಲಿ ನಮ್ಮದೇ ಕೊಡಗು ವಿಶ್ವವಿದ್ಯಾಲಯ. ಅದು ಕಣ್ಣು ಬಿಡುವಷ್ಟರಲ್ಲಿ, 2025ರಲ್ಲಿ, ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಬೇಕೆಂಬ ಮಾತು ಸರ್ಕಾರದ ಉಪಸಮಿತಿಯಿಂದಲೇ ಹೊರಟಿತು. ಬೇರೆ ಕಡೆ ವಿದ್ಯಾರ್ಥಿ ವರ್ಗವಾಗುತ್ತಾನೆ. ಇಲ್ಲಿ ವಿಶ್ವವಿದ್ಯಾಲಯವೇ ವರ್ಗವಾಗುತ್ತ ಬಂದಿದೆ. ಜಿಲ್ಲೆಗೆ ರೈಲು ಇಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡುಗಳ ಕಡೆ ಗುಡ್ಡ ಕುಸಿದು ಮಂಗಳೂರಿನ ದಾರಿ ಮುಚ್ಚಿದಾಗ, ಘಟ್ಟದಾಚೆಗೆ ವಿಶ್ವವಿದ್ಯಾನಿಲಯವಿರುವುದೆಂದರೆ ಏನೆಂದು ನಮ್ಮ ಹುಡುಗರಿಗೆ ಬೇರೆ ಪಾಠ ಹೇಳಬೇಕಾಗಿರಲಿಲ್ಲ.

ಇಷ್ಟು ಪೀಠಿಕೆಯಾದಮೇಲೆ ಕಾದಂಬರಿಗಳಿಗೆ ಬರೋಣ.

ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936) ಆರಂಭವಾಗುವುದೇ ಮೈಸೂರಿನಲ್ಲಿ ಓದುತ್ತಿದ್ದ ಹೂವಯ್ಯ, ರಾಮಯ್ಯರು ರಜಕ್ಕೆ ಊರಿಗೆ ಬರುವುದರಿಂದ. ಗಾಡಿ ಮಗುಚುತ್ತದೆ, ಹೂವಯ್ಯನ ಬೆನ್ನಿಗೆ ಪೆಟ್ಟು ಬೀಳುತ್ತದೆ, ಮತ್ತೆ ಮೈಸೂರಿಗೆ ಹೋಗಿ ಓದು ಮುಂದುವರಿಸುವುದು ನಡೆಯುವುದಿಲ್ಲ. ಕಾದಂಬರಿಯ ದೃಷ್ಟಿಯಿಂದ ಇದಕ್ಕಿಂತ ಅನುಕೂಲವಾದ ಅಪಘಾತವಿಲ್ಲ. ಗಾಡಿ ನೆಟ್ಟಗೆ ಹೋಗಿದ್ದರೆ ಹೂವಯ್ಯ ರಜ ಮುಗಿಸಿ ಮೈಸೂರಿಗೆ ಹೊರಟುಹೋಗುತ್ತಿದ್ದ, ಕಾನೂರು ಅವನಿಲ್ಲದೆ ಕೊಳೆಯುತ್ತಿತ್ತು. ಆದರೆ ಹೂವಯ್ಯನ ಓದು ನಮಗೆ ಕಾಣುವುದು ಮಾಗಿದ ಹಣ್ಣಾಗಿ. ಪುಸ್ತಕ, ಚಿಂತನೆ, ಸಂಯಮ ಎಲ್ಲವೂ ಸಿದ್ಧವಾಗಿ ಗಾಡಿಯಲ್ಲಿ ಕುಳಿತು ಬಂದಿವೆ. ಮಲೆನಾಡಿನ ಗೌಡರ ಮನೆಯ ಹುಡುಗ ಮೈಸೂರಿನಲ್ಲಿ ಮೊದಲ ದಿನ ಯಾವ ಬೆಂಚಿನ ಮೇಲೆ ಕುಳಿತ, ಯಾರು ಅವನ ಮಾತು ಕೇಳಿ ನಕ್ಕರು, ಆ ಸಂಯಮಕ್ಕೆ ಅವನು ತೆತ್ತ ಬೆಲೆ ಎಷ್ಟು ಎಂಬುದನ್ನು ನಾವು ಊಹಿಸಿಕೊಳ್ಳಬೇಕು. ಇದನ್ನು ಆ ಕೃತಿಯ ದೋಷವೆಂದು ಹೇಳಲಾರೆ. ಕಾನೂರಿನ ಬಾಳು ಅದರ ವಸ್ತು, ಮೈಸೂರಿನದಲ್ಲ. ಒಂದು ಮಹಾಕೃತಿ ಬಿಟ್ಟುಕೊಟ್ಟದ್ದನ್ನು ಅದರ ಹಿಂದೆ ಬಂದವರೆಲ್ಲ ಬಿಟ್ಟುಕೊಡುತ್ತ ಹೋದುದು ಬೇರೆ ವಿಷಯ.

ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಓದಿಗಾಗಿ ಮನೆ ಬಿಡುವವರು ಇಬ್ಬರು, ಅಪ್ಪ ಮತ್ತು ಮಗ. ಲಚ್ಚ ಓದಲು ಹೋಗಿ ಕೆಡುತ್ತಾನೆ. ಅವನ ಮಗ ರಾಮ ಮದರಾಸಿಗೆ ಹೋಗಿ, ಚಳವಳಿಗೆ ಸೇರಿ, ನಿರುದ್ಯೋಗದ ರುಚಿ ನೋಡಿ, ಕೊನೆಗೆ ಕಡಲ ಕರೆಯ ನೆಲಕ್ಕೆ ಹಿಂದಿರುಗುತ್ತಾನೆ. ಕಾರಂತರು ಕುವೆಂಪು ಅವರಿಗಿಂತ ಲೆಕ್ಕದ ಮನುಷ್ಯರು. ಒಬ್ಬ ಹುಡುಗನ ಓದಿಗೆ ಮನೆಯ ಹೆಂಗಸರು ಎಷ್ಟು ದುಡಿದರು, ಎಷ್ಟು ಉಪವಾಸ ಬಿದ್ದರು ಎಂಬುದು ಅವರಿಗೆ ಗೊತ್ತು. ಶಿಕ್ಷಣದ ಖರ್ಚನ್ನು ಮನೆಯ ಕಡೆಯಿಂದ ಇಷ್ಟು ನಿಷ್ಠುರವಾಗಿ ಬರೆದವರು ಕನ್ನಡದಲ್ಲಿ ಮತ್ತೊಬ್ಬರಿಲ್ಲ. ಆದರೆ ಕಾದಂಬರಿಯ ಹೆಸರೇ ತೀರ್ಪು ಕೊಟ್ಟುಬಿಟ್ಟಿದೆ. ಹೋದವನು ಮರಳಿದನೋ ಇಲ್ಲವೋ, ಅದೊಂದೇ ಅಳತೆಗೋಲು. ಮರಳದ ಲಚ್ಚ ಕೆಟ್ಟವನು. ಮರಳಿದ ರಾಮ ಉಳಿದವನು.

ಈ ಅಳತೆಗೋಲನ್ನು ಹಿಡಿದು ನನ್ನ ತರಗತಿಯ ಮುಂದೆ ನಿಂತರೆ ಏನಾಗುತ್ತದೆ? ಎದುರಿಗೆ ಕುಳಿತವರಲ್ಲಿ ಕಾಫಿ ತೋಟದ ಮಾಲೀಕರ ಮಕ್ಕಳೂ ಇದ್ದಾರೆ, ಅದೇ ತೋಟದ ಲೈನ್‌ಮನೆಯ ಮಕ್ಕಳೂ ಇದ್ದಾರೆ. ಮೊದಲನೆಯವರು ಬೆಂಗಳೂರಿನಲ್ಲಿದ್ದರೂ ಹುತ್ತರಿಗೆ ಐನ್‌ಮನೆಗೆ ಬಂದು ಕದಿರು ತೆಗೆದು ಹೋಗುತ್ತಾರೆ. ಅವರ ಮರಳುವಿಕೆ ವರ್ಷಕ್ಕೊಮ್ಮೆ ನಡೆಯುವ ಹಬ್ಬ. ಎರಡನೆಯವರಿಗೆ ಮರಳಲು ಮಣ್ಣೆಲ್ಲಿದೆ? ಲೈನ್‌ಮನೆ ಕೆಲಸದ ಜೊತೆಗೆ ಬಂದದ್ದು, ಕೆಲಸದ ಜೊತೆಗೆ ಹೋಗುವಂಥದು. ‘ಮರಳಿ ಮಣ್ಣಿಗೆ’ ಎಂಬ ಮಾತು ಎಷ್ಟೇ ಗಂಭೀರವಾಗಿರಲಿ, ಅದು ಮಣ್ಣುಳ್ಳವರ ಮಾತು. ಮಣ್ಣಿಲ್ಲದವಳಿಗೆ ಕಾಲೇಜಿನಿಂದ ವಿಶ್ವವಿದ್ಯಾನಿಲಯಕ್ಕೆ ದಾಟುವುದೆಂದರೆ ನೆಲ ಬಿಟ್ಟು ಹೋಗುವುದಲ್ಲ. ಮೊದಲ ಬಾರಿಗೆ ಕಾಲೂರುವುದಕ್ಕೆ ಜಾಗ ಹುಡುಕುವುದು. ಈ ದಾಟುವಿಕೆಯನ್ನು ಪತನವೆಂದೂ ಕರೆಯಲಾಗದು, ಪ್ರಾಯಶ್ಚಿತ್ತವೆಂದೂ ಕರೆಯಲಾಗದು. ಅದಕ್ಕೆ ಬೇರೆ ಕಥೆ ಬೇಕು.

ಆ ಬೇರೆ ಕಥೆಯ ಹತ್ತಿರ ಹತ್ತಿರ ಬಂದ ಒಂದು ಕೃತಿ ನನಗೆ ಗೊತ್ತು. ಆಶ್ಚರ್ಯವೆಂದರೆ ಅದು ಹಳೆಯ ಮನೆತನವೊಂದರ ಕಾದಂಬರಿ. ಭೈರಪ್ಪನವರ ‘ವಂಶವೃಕ್ಷ’ (1965) ಎಂದ ಕೂಡಲೆ ನಾವೆಲ್ಲ ಶ್ರೀನಿವಾಸ ಶ್ರೋತ್ರಿಗಳನ್ನೂ ಧರ್ಮಸಂಕಟವನ್ನೂ ನೆನೆಯುತ್ತೇವೆ. ನಾನು ನೆನೆಯುವುದು ರೈಲನ್ನು. ಗಂಡ ಕಪಿಲೆಯಲ್ಲಿ ಮುಳುಗಿ ಸತ್ತಮೇಲೆ ಕಾತ್ಯಾಯನಿ ಬಿ.ಎ. ಓದಬೇಕೆನ್ನುತ್ತಾಳೆ, ಮಾವ ಒಪ್ಪುತ್ತಾರೆ, ಆಕೆ ನಂಜನಗೂಡಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗಿಬರುತ್ತಾಳೆ. ಬೆಳಿಗ್ಗೆ ವಿದ್ಯಾರ್ಥಿನಿ, ಸಂಜೆ ವಿಧವೆ ಸೊಸೆ. ಹೂವಯ್ಯನಂತೆ ಒಮ್ಮೆ ಹೋಗಿ ಒಮ್ಮೆ ಬರುವುದಲ್ಲ ಇದು. ದಿನಕ್ಕೆ ಎರಡು ಸಲ ಒಂದು ಲೋಕದಿಂದ ಇನ್ನೊಂದಕ್ಕೆ ದಾಟುವುದು. ಕನ್ನಡ ಕಾದಂಬರಿಯಲ್ಲಿ ಓದು ಎಂಬುದಕ್ಕೆ ಮೊದಲ ಬಾರಿಗೆ ವೇಳಾಪಟ್ಟಿ ಬಂದದ್ದು ಇಲ್ಲಿ ಎಂದು ನನಗೆ ತೋರುತ್ತದೆ. ರೈಲು ತಪ್ಪಿದರೆ ಪಾಠ ತಪ್ಪುತ್ತದೆ, ರೈಲು ತಡವಾದರೆ ಮನೆಯಲ್ಲಿ ಮಾತು ಏಳಬಹುದು. ಇಂಥ ಆತಂಕವನ್ನು ಅನುಭವಿಸಿದವಳ ಮನಸ್ಸು ಹೇಗೆ ಬದಲಾಗುತ್ತದೆಂಬುದನ್ನು ಕಟ್ಟಲು ಬೇಕಾದ ಸಾಮಗ್ರಿಯೆಲ್ಲ ಲೇಖಕರ ಕೈಯಲ್ಲಿತ್ತು.

ಆದರೆ ರೈಲು ಮೈಸೂರು ಮುಟ್ಟಿದಮೇಲೆ ಕಾದಂಬರಿಗೆ ತರಗತಿಯಲ್ಲಿ ಆಸಕ್ತಿ ಉಳಿಯುವುದಿಲ್ಲ. ಅಧ್ಯಾಪಕ ರಾಜ ಎದುರಾಗುತ್ತಾನೆ, ಪ್ರೇಮ ಮೊಳೆಯುತ್ತದೆ, ಪ್ರಶ್ನೆ ವಿಧವಾವಿವಾಹದ ಕಡೆಗೆ ತಿರುಗುತ್ತದೆ. ಕಾತ್ಯಾಯನಿ ಏನು ಓದಿದಳು, ಓದಿದ್ದು ಅವಳಿಗೆ ಏನು ಮಾಡಿತು ಎಂಬುದು ಹಿಂದೆ ಸರಿಯುತ್ತದೆ. ಬಿ.ಎ. ತರಗತಿ ಇಬ್ಬರು ಸಂಧಿಸಲು ಒದಗಿದ ಮಂಟಪವಾಗುತ್ತದೆ. ಆಮೇಲೆ ಅವಳಿಗೆ ಬರುವ ದುಃಖಗಳ ಸಾಲನ್ನು ಕೆಲವರು ಲೇಖಕರ ಶಿಕ್ಷೆಯೆಂದು ಓದಿದ್ದಾರೆ, ಕೆಲವರು ಜೀವನದ ಸತ್ಯವೆಂದು ಓದಿದ್ದಾರೆ. ಆ ಜಗಳ ನನಗೆ ಇಲ್ಲಿ ಬೇಡ. ನನ್ನ ದೂರು ಇಷ್ಟೇ: ರೈಲಿನಲ್ಲಿ ಕುಳಿತ ಹೆಂಗಸಿಗೆ ಓದಿನಿಂದಲೇ ಒಂದು ಬಾಳು ಸಾಧ್ಯವಿತ್ತೇ ಎಂಬ ಪ್ರಶ್ನೆಯನ್ನು ಕಾದಂಬರಿ ಕೇಳಿಕೊಳ್ಳಲಿಲ್ಲ.

ಕಾಲೇಜನ್ನೇ ವಸ್ತುವಾಗಿ ಮಾಡಿಕೊಂಡವರು ಬಿ.ಜಿ.ಎಲ್. ಸ್ವಾಮಿಯವರು. ‘ಕಾಲೇಜು ರಂಗ’ವನ್ನು ಓದಿ ನಗದವರಿಲ್ಲ, ನಾನೂ ನಕ್ಕಿದ್ದೇನೆ. ಅದು ಅಧ್ಯಾಪಕರ ಕೊಠಡಿಯಿಂದ ಕಂಡ ಕಾಲೇಜು. ಆಡಳಿತದವರ ಅವಾಂತರ ಅಲ್ಲಿ ಚೆನ್ನಾಗಿ ಕಾಣುತ್ತದೆ. ಫೀಜು ಕಟ್ಟಲು ಸಾಲಿನಲ್ಲಿ ನಿಂತವನ ಮುಖ ಅಷ್ಟಾಗಿ ಕಾಣುವುದಿಲ್ಲ.

ಹೊರಗಿನವರು ಇದನ್ನು ಬರೆಯಲಿಲ್ಲವೇ ಎಂದರೆ, ಬರೆದಿದ್ದಾರೆ. ಹಾರ್ಡಿಯ ‘ಜೂಡ್’ (1895) ಇಂಗ್ಲಿಷ್ ಓದಿದ ನಮ್ಮ ಹಿರಿಯರಿಗೆಲ್ಲ ಪರಿಚಿತ: ಕಲ್ಲು ಕೆಲಸದ ಹುಡುಗ ವಿದ್ಯಾನಗರದ ಗೋಡೆಗಳನ್ನು ಹೊರಗಿನಿಂದ ಮುಟ್ಟಿ ನೋಡುತ್ತಾನೆ, ಒಳಗೆ ಸೇರಲಾರ. ಆದರೆ ನಮಗೆ ಹತ್ತಿರದ ನಿದರ್ಶನ ಬಂಗಾಳದ್ದು. ವಿಭೂತಿಭೂಷಣರ ಕಥೆಯಿಂದ ಸತ್ಯಜಿತ್ ರಾಯರು 1956ರಲ್ಲಿ ತೆಗೆದ ‘ಅಪರಾಜಿತೋ’ ಚಿತ್ರದಲ್ಲಿ ಅಪು ಹಳ್ಳಿಯ ಶಾಲೆಯ ಮುಖ್ಯೋಪಾಧ್ಯಾಯರು ಕೊಟ್ಟ ಭೂಗೋಲವನ್ನು ಹಿಡಿದು ಕಲ್ಕತ್ತೆಗೆ ಹೋಗುತ್ತಾನೆ. ರಾತ್ರಿ ಮುದ್ರಣಾಲಯದಲ್ಲಿ ಕೆಲಸ, ಹಗಲು ತರಗತಿಯಲ್ಲಿ ತೂಕಡಿಕೆ. ರಜಕ್ಕೆ ಬಂದವನು ಹೊರಟು ನಿಂತಾಗ ಬೇಕೆಂದೇ ರೈಲು ಬಿಟ್ಟು, ತಾಯಿಯೊಡನೆ ಇನ್ನೊಂದು ದಿನ ಉಳಿಯಲು ಹಿಂದಿರುಗುತ್ತಾನೆ. ಮುಂದೆ ಅದೇ ತಾಯಿ ಅವನ ದಾರಿ ಕಾಯುತ್ತ ಕೊರಗಿ ಸಾಯುತ್ತಾಳೆ. ಅಪು ಕೆಟ್ಟವನಲ್ಲ, ತಾಯಿಯೂ ಸ್ವಾರ್ಥಿಯಲ್ಲ. ಕಲ್ಕತ್ತೆ ನರಕವಲ್ಲ, ಹಳ್ಳಿ ಸ್ವರ್ಗವಲ್ಲ. ಯಾರನ್ನೂ ದೂರದೆ ಆ ವರ್ಷಗಳ ನೋವನ್ನು ತೋರಿಸಬಹುದೆಂಬುದಕ್ಕೆ ತೂಕಡಿಸುವ ಆ ಹುಡುಗನೇ ಸಾಕ್ಷಿ. ನಮ್ಮ ಕಾದಂಬರಿಯಲ್ಲಿ ತೂಕಡಿಸಿದ ವಿದ್ಯಾರ್ಥಿ ಸೋಮಾರಿಯಾಗಿರುತ್ತಾನೆ.

ಆತ್ಮಕಥೆಗಳಲ್ಲಿ ಇದೆಲ್ಲ ಉಂಟಲ್ಲ ಎಂದು ಸಹೃದಯರು ಕೇಳಬಹುದು. ಉಂಟು. ‘ನೆನಪಿನ ದೋಣಿಯಲ್ಲಿ’ ಮೈಸೂರಿನ ವಿದ್ಯಾರ್ಥಿದೆಸೆಗೆ ಉದಾರವಾಗಿ ಪುಟಗಳನ್ನು ಕೊಟ್ಟಿದೆ. ಆದರೆ ಆತ್ಮಕಥೆ ಬರೆಯುವವರು ದಡ ಸೇರಿದವರು. ದಡದ ಮೇಲೆ ನಿಂತು ನೋಡಿದರೆ ಹೊಳೆ ಎಷ್ಟು ಆಳವಿದ್ದರೂ ಸುಂದರವಾಗಿಯೇ ಕಾಣುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ಮಂಗಳೂರಿನಿಂದ ಮದರಾಸಿಗೆ ಬಿ.ಎ. ಓದಲು ಹೋದರು, ತಂದೆಯ ಮರಣದಿಂದ ಪದವಿ ಮುಗಿಯದೆ ಹಿಂದಿರುಗಿದರು. ಅವರು ಗೋವಿಂದ ಪೈಗಳಾದ್ದರಿಂದ ಆ ಮುಗಿಯದ ಪದವಿ ಇಂದು ನಮಗೆ ಒಂದು ಅಲಂಕಾರದಂತೆ ಕಾಣುತ್ತದೆ. ಅವರ ಹಾಗೆಯೇ ಹಿಂದಿರುಗಿ ಮಹಾಕವಿಯಾಗದವರ ಕಥೆ?

ಈ ವಿಚಾರದಲ್ಲಿ ದಿಕ್ಕು ಬದಲಿಸಿದವರು ದಲಿತ ಲೇಖಕರು. ಅರವಿಂದ ಮಾಲಗತ್ತಿಯವರ ‘ಗವರ್ನ್‌ಮೆಂಟ್ ಬ್ರಾಹ್ಮಣ’ (1994), ಸಿದ್ಧಲಿಂಗಯ್ಯನವರ ‘ಊರು ಕೇರಿ’ (1996) ಇವೆರಡರಲ್ಲಿಯೂ ಓದು ಎಂಬುದಕ್ಕೆ ದೇಹವಿದೆ. ಹಸಿವು ಇದೆ, ಅವಮಾನ ಇದೆ. ಸಿದ್ಧಲಿಂಗಯ್ಯನವರಲ್ಲಿ ಇವೆಲ್ಲವನ್ನೂ ಮೀರುವ ನಗುವೂ ಇದೆ. ಹಾಸ್ಟೆಲ್ಲು ಎಂಬುದು ಮನೆಗೂ ನಗರಕ್ಕೂ ನಡುವಣ ತಂಗುದಾಣವಾಗಿ ಉಳಿಯದೆ ತಾನೇ ಒಂದು ಊರಾಗುತ್ತದೆ. ನಾನು ಇವನ್ನು ಪಾಠ ಹೇಳಿದಾಗ ಹಿಂದಿನ ಬೆಂಚಿನವರು ತಲೆಯೆತ್ತಿ ಕೇಳಿದ್ದನ್ನು ಕಂಡಿದ್ದೇನೆ. ‘ಕಾನೂರು ಹೆಗ್ಗಡಿತಿ’ಗೆ ಅವರು ಹಾಗೆ ತಲೆಯೆತ್ತಲಿಲ್ಲವೆಂದು ಹೇಳಿದರೆ ನನ್ನ ಮಿತ್ರರು ಕೋಪಿಸಿಕೊಂಡಾರು. ಇರಲಿ.

ಕೊಡಗಿನ ಲೇಖಕರ ವಿಚಾರವನ್ನೂ ಹೇಳಬೇಕಷ್ಟೆ. 1939ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ ತೀರಿಕೊಂಡ ಗೌರಮ್ಮನವರ ಕಾಲದಲ್ಲಿ ಕೊಡಗಿಗೆ ಕಾಲೇಜೇ ಇರಲಿಲ್ಲ. ಅವರ ‘ಕಂಬನಿ’, ‘ಚಿಗುರು’ಗಳಲ್ಲಿ ಅದನ್ನು ಹುಡುಕುವುದು ನ್ಯಾಯವಲ್ಲ. ಆದರೆ ಮನೆಯಲ್ಲಿ ಉಳಿದ ಹೆಣ್ಣಿನ ಕಡೆಯಿಂದ ಲೋಕವನ್ನು ನೋಡುವುದನ್ನು ಆಕೆ ಕಲಿಸಿದರು. ಓದಲು ಹೋದವನ ಕಥೆಯನ್ನು ಹೋಗಲಾಗದವಳು ಹೇಳಿದರೆ ಹೇಗಿರುತ್ತದೆಂಬುದಕ್ಕೆ ಅಲ್ಲಿ ಸುಳಿವಿದೆ. ಭಾರತೀಸುತರು ಸ್ವತಃ ಉಪಾಧ್ಯಾಯರು. ಕೊಡಗು, ವೈನಾಡುಗಳ ಕಾಡನ್ನೂ ಚರಿತ್ರೆಯನ್ನೂ ಕನ್ನಡ ಕಾದಂಬರಿಗೆ ತಂದ ಉಪಕಾರ ಅವರದು. ನಾನು ಓದಿದಷ್ಟರಲ್ಲಿ ಅವರ ಲೇಖನಿ ಗುಡ್ಡ ಹತ್ತಿದಷ್ಟು ಉತ್ಸಾಹದಿಂದ ತರಗತಿಯೊಳಕ್ಕೆ ಬಂದಿಲ್ಲ. ಹೊರಗಿನಿಂದ ಮಡಿಕೇರಿಗೆ ಮುಖ್ಯೋಪಾಧ್ಯಾಯರಾಗಿ ಬಂದ ಪಂಜೆಯವರು ಹುತ್ತರಿಯನ್ನು ಹಾಡಿದರು, ಆ ಹಾಡು ನಮ್ಮ ನಾಡಗೀತೆಯಂತಾಯಿತು. ಹೊರಗಿನಿಂದ ಬಂದವರಿಗೆ ಕೊಡಗು ಬೆಟ್ಟವಾಗಿ, ಹಬ್ಬವಾಗಿ ಕಾಣುವುದು ಸಹಜ. ಒಳಗಿನವರಿಗೂ ಹಾಗೆಯೇ ಕಂಡರೆ ಬಸ್ ನಿಲ್ದಾಣವನ್ನು ಬರೆಯುವವರು ಯಾರು?

ಬರೆಯಲು ವಿಷಯವಿಲ್ಲವೆನ್ನುವಂತಿಲ್ಲ. ನಮ್ಮ ಹುಡುಗರಲ್ಲಿ ಹೆಚ್ಚಿನವರಿಗೆ ಕನ್ನಡ ಎರಡನೆಯ ಮನೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಬ್ಯಾರಿ, ಎರವರ ಮಾತು; ಶಾಲೆಯಲ್ಲಿ ಕನ್ನಡ. ಇಲ್ಲಿ ಆ ಕನ್ನಡ ಯಾರಿಗೂ ವಿಚಿತ್ರವಲ್ಲ. ಎರಡನೆಯ ವರ್ಷ ಮುಗಿಸಿ ದೊಡ್ಡ ಊರಿನ ಕಾಲೇಜಿಗೆ ವರ್ಗ ಮಾಡಿಸಿಕೊಂಡು ಹೋದ ನನ್ನ ಒಬ್ಬ ವಿದ್ಯಾರ್ಥಿನಿ ಫೋನು ಮಾಡಿ, “ಸರ್, ನಾನು ಬಾಯಿ ಬಿಟ್ಟರೆ ಸಾಕು, ನೀನು ಕೇರಳದವಳಾ ಅಂತ ಕೇಳ್ತಾರೆ. ಇಲ್ಲಿ ನಾನು ಇಂಗ್ಲಿಷೇ ಮಾತಾಡೋದು” ಎಂದಳು. ನನ್ನ ತರಗತಿಯಲ್ಲಿ ಕನ್ನಡಕ್ಕೆ ಅತಿ ಹೆಚ್ಚು ಅಂಕ ತೆಗೆದವಳು ಆಕೆ. ಕಚೇರಿಯವರು ವಲಸೆ ಪ್ರಮಾಣಪತ್ರಕ್ಕೆ ಮೂರು ಸಲ ಓಡಾಡಿಸಿದ್ದು, ಇಲ್ಲಿ ಓದಿದ ಒಂದು ವಿಷಯ ಅಲ್ಲಿಯ ಪಟ್ಟಿಗೆ ಹೊಂದದೆ ಮತ್ತೆ ಪರೀಕ್ಷೆ ಬರೆದದ್ದು ಇವನ್ನೆಲ್ಲ ಆಕೆ ನಗುತ್ತಲೇ ಹೇಳಿದಳು. ಕನ್ನಡದ ಮಾತು ಬಂದಾಗ ಮಾತ್ರ ನಗಲಿಲ್ಲ.

ಕಾಗದದ ಮೇಲೆ ಎಲ್ಲವೂ ಸಲೀಸು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಹೆಸರಿನಲ್ಲಿ ನಾಲ್ಕು ವರ್ಷದ ಪದವಿ ಬಂದಾಗ, ಅಂಕಗಳನ್ನು ಬ್ಯಾಂಕಿನ ಹಣದಂತೆ ಕೂಡಿಟ್ಟುಕೊಂಡು ಎಲ್ಲಿ ಬೇಕಾದರೂ ಹೋಗಿ ಓದಬಹುದೆಂದು ನಮಗೆ ತರಬೇತಿ ಶಿಬಿರಗಳಲ್ಲಿ ಹೇಳಿದರು. 2024-25ಕ್ಕೆ ನಮ್ಮ ರಾಜ್ಯ ಮತ್ತೆ ಮೂರು ವರ್ಷಕ್ಕೆ ಹಿಂದಿರುಗಿತು. ಯಾವುದು ಸರಿ ಎಂದು ತೀರ್ಮಾನಿಸುವುದು ಈ ಲೇಖನದ ಕೆಲಸವಲ್ಲ. ಆದರೆ ಅಂಕ ದಾಟಿದಷ್ಟು ಸುಲಭವಾಗಿ ಮನುಷ್ಯ ದಾಟುವುದಿಲ್ಲವೆಂಬುದನ್ನು ಸುತ್ತೋಲೆ ಹೇಳಲಾರದು. ಅದನ್ನು ಹೇಳಬೇಕಾದದ್ದು ಕಥೆ, ಕಾದಂಬರಿ.

ಹೋದ ವರ್ಷ ಅಂತಿಮ ಪದವಿಯ ಹುಡುಗನೊಬ್ಬ ಒಂದು ಕಥೆ ತಂದು ಕೊಟ್ಟ. ಹದಿನಾರು ಪುಟ. ತೋಟದ ರೈಟರ ಮಗ ಬೇರೆ ಊರಿನ ಕಾಲೇಜಿಗೆ ಹೋಗಲು ಟಿ.ಸಿ. ತೆಗೆಯುವ ಒಂದು ದಿನದ ಕಥೆ. ಭಾಷೆ ಅಲ್ಲಲ್ಲಿ ಎಡವುತ್ತದೆ. ಪಾತ್ರಗಳು ಬೇಕಾದದ್ದಕ್ಕಿಂತ ಹೆಚ್ಚು ಮಾತಾಡುತ್ತವೆ. ಕೊನೆಯಲ್ಲಿ ಹುಡುಗ ಬಸ್ಸು ಹತ್ತುವುದಿಲ್ಲ. ತೋಟದ ಹೂವು ನೋಡಿ ಮನಸ್ಸು ಬದಲಿಸಿ ಹಿಂದಿರುಗುತ್ತಾನೆ. ಎಲ್ಲಿಂದ ಬಂತು ಈ ಮುಕ್ತಾಯ ಎಂದು ನನಗೆ ಗೊತ್ತು. ನಾವೇ ಪ್ರತಿ ವರ್ಷ ಪಾಠ ಹೇಳಿ ಕೊಟ್ಟದ್ದು. ಆದರೆ ಏಳನೆಯ ಪುಟದಲ್ಲಿ ಒಂದು ಸಂದರ್ಭವಿದೆ. ಕಚೇರಿಯ ಕಿಟಕಿಯ ಮುಂದೆ ಹುಡುಗನೂ ಅಪ್ಪನೂ ನಿಂತಿದ್ದಾರೆ. ಗುಮಾಸ್ತ ಟಿ.ಸಿ.ಯಲ್ಲಿ ‘ಕಾಲೇಜು ಬಿಡಲು ಕಾರಣ’ ಎಂಬ ಕಡೆ ಏನು ಬರೆಯಲಿ ಎಂದು ಕೇಳುತ್ತಾನೆ. ಹುಡುಗ ಬಾಯಿ ತೆರೆಯುವ ಮೊದಲೇ ಅಪ್ಪ, “ಕಾರಣ ಏನೂ ಇಲ್ಲ ಸಾರ್, ಓದೋದಕ್ಕೆ” ಎನ್ನುತ್ತಾನೆ. ಹಿಂದೆ ನಿಂತವರು ನಗುತ್ತಾರೆ. ಹುಡುಗ ಅಪ್ಪನ ಕಡೆ ನೋಡದೆ ತಲೆ ತಗ್ಗಿಸಿ ಫೀಜಿನ ರಸೀದಿಗಳನ್ನು ತಾರೀಖಿನ ಪ್ರಕಾರ ಜೋಡಿಸತೊಡಗುತ್ತಾನೆ.

ಹುಡುಗನನ್ನು ಕರೆದು ಕೊನೆಯ ಎರಡು ಪುಟ ತೆಗೆದುಹಾಕು ಎಂದೆ. ಹಾಗಾದರೆ ಕಥೆ ಮುಗಿಯುವುದಿಲ್ಲವಲ್ಲ ಸರ್ ಎಂದ. ಬಸ್ಸು ಹತ್ತಿಸಿ, ಕುಶಾಲನಗರದ ಸೇತುವೆ ದಾಟಿಸಿ, ಆಮೇಲೆ ಬರೆ ಎಂದು ಹೇಳಿ ಕಳುಹಿಸಿದ್ದೇನೆ. ಇನ್ನೂ ತಂದುಕೊಟ್ಟಿಲ್ಲ.